ಬದನಗುಪ್ಪೆಗೆ ಎರಡು ತಾಮ್ರಪಟ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಬದನಗುಪ್ಪೆ ಎಂಬ ಸಣ್ಣ ನಿಲ್ದಾಣವನ್ನು ಹಾದು ಹೋಗುತ್ತದೆ. ಈಚೆಗೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬರುವುದು ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಸುದ್ದಿಯ ಜೊತೆಗೆ. ಜಮೀನು ಯಾರದು, ಯಾರಿಗೆ ಹೋಯಿತು, ಕಾಗದ ಪತ್ರ ಏನಿದೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಅದು ಎದ್ದಿತ್ತು. ಅದಕ್ಕೆ ಸಾಕ್ಷಿಯಾಗಿ ಎರಡು ತಾಮ್ರಪಟಗಳು ಉಳಿದಿವೆ.

ಮೊದಲನೆಯದು ಕ್ರಿ.ಶ. 808ರದು. ರಾಷ್ಟ್ರಕೂಟ ಚಕ್ರವರ್ತಿ 3ನೇ ಗೋವಿಂದನ ಅಣ್ಣ ಕಂಭ ಆಗ ಗಂಗವಾಡಿಯನ್ನು ಆಳುತ್ತಿದ್ದ. ರಣಾವಲೋಕ ಎಂಬುದು ಅವನ ಬಿರುದು. ಮಗ ಶಂಕರಗಣ್ಣನ ಕೋರಿಕೆಯಂತೆ ಅವನು ಬದನೆಗುಪ್ಪೆ ಗ್ರಾಮವನ್ನು ಕೊಂಡಕುಂದಾನ್ವಯ ಎಂಬ ಜೈನ ಗುರುಪರಂಪರೆಯ ವರ್ಧಮಾನ ಗುರುಗಳಿಗೆ ಧಾರೆ ಎರೆದ. ದಾನ ಕೊಟ್ಟದ್ದು ತಲವನನಗರದ, ಅಂದರೆ ಇಂದಿನ ತಲಕಾಡಿನ, ಶ್ರೀವಿಜಯ ಬಸದಿಗಾಗಿ.

ಎರಡನೆಯದು ಮಡಿಕೇರಿಯಲ್ಲಿ ಸಿಕ್ಕ ತಾಮ್ರಪಟ. ಊರು ಅದೇ ಬದನೆಗುಪ್ಪೆ, ದಾನ ಪಡೆದದ್ದು ಅದೇ ತಲವನನಗರದ ಶ್ರೀವಿಜಯ ಜಿನಾಲಯ. ಆದರೆ ಅರಸ ಮಾತ್ರ ಗಂಗರ ಅವಿನೀತ, ಕಾಲ 388ನೇ ವರ್ಷ. ಶಕವರ್ಷವೆಂದು ಹಿಡಿದರೆ ಅದು ಕ್ರಿ.ಶ. 466 ಆಗುತ್ತದೆ. ಈ ಲೆಕ್ಕದಂತೆ ಕಂಭ ಕೊಡುವುದಕ್ಕೆ ಸುಮಾರು 340 ವರ್ಷ ಮೊದಲೇ ಆ ಊರು ಬಸದಿಯ ಸ್ವತ್ತಾಗಿತ್ತು. ಆಗಲೇ ಬಸದಿಯದಾಗಿದ್ದ ಊರನ್ನು ಕಂಭ ಮತ್ತೆ ಕೊಟ್ಟದ್ದೇಕೆ?

ಉತ್ತರ ಮಡಿಕೇರಿಯ ತಗಡಿನೊಳಗೇ ಇದೆ. ಅದರಲ್ಲಿ ಅಕಾಲವರ್ಷ ಪೃಥ್ವೀವಲ್ಲಭ ಎಂಬ ಅರಸನ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ಅವರಲ್ಲಿ ಮೊದಲನೆಯವನು ಪಟ್ಟಕ್ಕೆ ಬಂದದ್ದು 8ನೇ ಶತಮಾನದ ನಡುವೆ. 5ನೇ ಶತಮಾನದ ಶಾಸನದಲ್ಲಿ 300 ವರ್ಷ ಆಮೇಲಿನ ಬಿರುದು ಹೇಗೆ ಬಂತು? ಹೀಗಾಗಿ ಬಹುಪಾಲು ವಿದ್ವಾಂಸರು ಇದನ್ನು ಕೂಟಶಾಸನ, ಅಂದರೆ ಖೋಟಾ ಶಾಸನ, ಎಂದೇ ತೀರ್ಮಾನಿಸಿದ್ದಾರೆ. ಹಳೆಯದೊಂದು ದಾನದ ನೆನಪನ್ನು ನಂತರದವರು ಹೊಸದಾಗಿ ಬರೆಸಿದ ಪ್ರತಿ ಇದು ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ನಿಜವಾದರೂ ಒಂದು ಮಾತು ಸ್ಪಷ್ಟ: ಬಸದಿಯ ಕಡೆಯವರಿಗೆ ಒಂದು ಹಂತದಲ್ಲಿ ಇನ್ನಷ್ಟು ಹಳೆಯ ಪತ್ರ ಬೇಕಾಗಿತ್ತು. ಆಳುವವರು ಬದಲಾದಾಗ ಹಳೆಯ ದಾನಗಳನ್ನು ಕೇಳುವವರು, ಕೆದಕುವವರು ಬರುತ್ತಾರೆ. ಆಗ ಪತ್ರ ಎಷ್ಟು ಹಳೆಯದೋ ಅಷ್ಟು ಬಲ. ಗಂಗರ ಹೆಸರಿನಲ್ಲಿ ಹೊರಬಂದ ಇಂಥ ತಗಡುಗಳು ಒಂದೆರಡಲ್ಲ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವುಗಳಲ್ಲಿ ಅನೇಕವನ್ನು ಖೋಟಾ ಎಂದು ತಳ್ಳಿಹಾಕಿದರೆ, ಬಿ.ಎಲ್. ರೈಸ್ ಅವುಗಳ ಪರ ವಾದಿಸಿದರು. ಆ ವಾಗ್ವಾದ ವರ್ಷಗಟ್ಟಲೆ ನಡೆಯಿತು.

ಸುಳ್ಳು ಪತ್ರ ಬರೆಸಿದವರನ್ನು ಬರಿಯ ಮೋಸಗಾರರೆಂದು ತಳ್ಳಿಹಾಕುವ ಮೊದಲು ಒಮ್ಮೆ ಜೆರುಸಲೇಮಿನ ಕಡೆ ನೋಡಬೇಕು. 1099ರ ಜುಲೈನಲ್ಲಿ ಯುರೋಪಿನ ಧರ್ಮಯುದ್ಧದ ಸೈನ್ಯ ಆ ನಗರವನ್ನು ಹಿಡಿಯಿತು. ಜೆರುಸಲೇಮ್, ಅಂತಿಯೋಕ್, ಎಡೆಸ್ಸಾ, ಟ್ರಿಪೋಲಿ ಎಂಬ ನಾಲ್ಕು ಕ್ರೈಸ್ತ ರಾಜ್ಯಗಳು ಹುಟ್ಟಿದವು. ಅಲ್ಲಿನ ಚರ್ಚುಗಳಿಗೂ ಮಠಗಳಿಗೂ ಹಳ್ಳಿ, ದ್ರಾಕ್ಷಿ ತೋಟ, ಗಿರಣಿ, ಬಾವಿಗಳು ದಾನವಾಗಿ ಬಂದವು. ಎಲ್ಲದಕ್ಕೂ ಲ್ಯಾಟಿನ್ ಭಾಷೆಯ ಚರ್ಮದ ಪತ್ರಗಳು. ಜೆರುಸಲೇಮಿನ ಹೊರಗೆ ಜೋಸಫಾತ್ ಕಣಿವೆಯಲ್ಲಿದ್ದ ಸಂತ ಮರಿಯಳ ಮಠ ಅವುಗಳಲ್ಲಿ ಶ್ರೀಮಂತವಾದದ್ದು. ರಾಜ್ಯ ಕೈತಪ್ಪಿದ ಮೇಲೆ ಮಠದ ಸನ್ಯಾಸಿಗಳು ಸಿಸಿಲಿ ದ್ವೀಪಕ್ಕೆ ಹೋದರು, ಪತ್ರಗಳನ್ನೂ ಕೊಂಡೊಯ್ದರು. ಆ ಕಟ್ಟಿನಲ್ಲೂ ಖೋಟಾ ಪತ್ರಗಳಿವೆ. ತಲಕಾಡಿನ ಬಸದಿಗೂ ಜೋಸಫಾತಿನ ಮಠಕ್ಕೂ ಯಾವ ಸಂಪರ್ಕವೂ ಇರಲಿಲ್ಲ, ದೇವರು ಬೇರೆ, ಭಾಷೆ ಬೇರೆ. ಹೆದರಿಕೆ ಮಾತ್ರ ಒಂದೇ. ನಾಳೆ ಯಾರಾದರೂ ಬಂದು ಪತ್ರ ತೋರಿಸಿ ಎಂದರೆ?

ದಾನ ಹುಟ್ಟುತ್ತಿದ್ದ ಬಗೆಯಲ್ಲೂ ಎರಡು ನಾಡುಗಳು ಹತ್ತಿರ. ಜೆರುಸಲೇಮನ್ನು ಗೆದ್ದ ಗಾಡ್ಫ್ರಿ ಏಸುವಿನ ಸಮಾಧಿಯ ಮೇಲಿನ ಚರ್ಚಿಗೆ ನಗರದ ಸುತ್ತಲಿನ 21 ಹಳ್ಳಿಗಳನ್ನು ಬಿಟ್ಟುಕೊಟ್ಟ. ಅವನ ತಮ್ಮ, ದೊರೆ ಬಾಲ್ಡ್ವಿನ್, 1114ರಲ್ಲಿ ಅದನ್ನು ಪತ್ರದ ಮೂಲಕ ಕಾಯಂ ಮಾಡಿದ. ಅದಾದ ಎರಡೇ ವರ್ಷಕ್ಕೆ, 1116ರಲ್ಲಿ, ಕಾವೇರಿಯ ದಂಡೆಯಲ್ಲಿ ಇನ್ನೊಂದು ನಗರ ಬಿತ್ತು. ಸುಮಾರು 1004ರಿಂದ ಚೋಳರ ಕೈಯಲ್ಲಿದ್ದು ರಾಜರಾಜಪುರವಾಗಿದ್ದ ತಲಕಾಡನ್ನು ಹೊಯ್ಸಳ ವಿಷ್ಣುವರ್ಧನನ ಸೈನ್ಯ ಹಿಡಿಯಿತು. ಯುದ್ಧ ನಡೆಸಿದವನು ಜೈನ ದಂಡನಾಯಕ ಗಂಗರಾಜ. ಚೋಳರ ಸಾಮಂತ ಅದಿಯಮ ಕೋಟೆ ಬಿಟ್ಟುಕೊಡಲು ಒಪ್ಪದೆ, ಕಾದಿ ತೆಗೆದುಕೋ ಎಂದು ಸವಾಲು ಹಾಕಿದ್ದನಂತೆ. ಗೆದ್ದು ಬಂದ ಗಂಗರಾಜನಿಗೆ ದೊರೆ, ಬೇಕಾದ್ದನ್ನು ಕೇಳು ಎಂದ. ಗಂಗರಾಜ ತನಗಾಗಿ ಏನನ್ನೂ ಕೇಳಲಿಲ್ಲ. ತಿಪ್ಪೂರನ್ನು ಕೇಳಿ ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದ. ಈಗಿನ ಮಂಡ್ಯ ಜಿಲ್ಲೆಯ ಅರೆತಿಪ್ಪೂರಿನಲ್ಲಿರುವ 1117ರ ಶಾಸನದಲ್ಲಿ ಈ ಕಥೆ ಕಲ್ಲಿನ ಮೇಲೆಯೇ ಇದೆ. ಅದೇ ವರ್ಷ ವಿಷ್ಣುವರ್ಧನ ಗೆಲುವಿನ ನೆನಪಿಗೆ ತಲಕಾಡಿನಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠೆ ಮಾಡಿ, ತಲಕಾಡುಗೊಂಡ ಎಂಬ ಬಿರುದು ಹೊತ್ತ. ಗೆದ್ದ ನೆಲದಲ್ಲಿ ಒಂದು ಭಾಗವನ್ನು ದೇವರಿಗೆ ಬಿಟ್ಟರೆ ಉಳಿದದ್ದಕ್ಕೂ ಒಂದು ಬಗೆಯ ಒಪ್ಪಿಗೆ ಸಿಕ್ಕಂತೆ. ಗಾಡ್ಫ್ರಿಗೂ ವಿಷ್ಣುವರ್ಧನನಿಗೂ ಇದು ತಿಳಿದಿತ್ತು.

ಇಷ್ಟಕ್ಕೂ ಒಂದು ಊರನ್ನು ಕೊಟ್ಟರೆ ಕೊಟ್ಟದ್ದು ಏನನ್ನು? ಹೊಯ್ಸಳರ, ವಿಜಯನಗರದ ದಾನಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಅಷ್ಟಭೋಗ ತೇಜಸ್ವಾಮ್ಯ, ಅಂದರೆ ಎಂಟು ಬಗೆಯ ಅನುಭೋಗದ ಹಕ್ಕು. ನಿಧಿ ಎಂದರೆ ನೆಲದೊಳಗೆ ಹೂತು ಒಡೆಯನಿಲ್ಲದೆ ಉಳಿದ ಹಣ. ನಿಕ್ಷೇಪ ಎಂದರೆ ಇಟ್ಟಿಟ್ಟ ಗಂಟು. ಜಲ, ಪಾಷಾಣ ಎಂದರೆ ಕೆರೆ ಬಾವಿ ಹಳ್ಳದ ನೀರು ಮತ್ತು ಕಲ್ಲು. ಅಕ್ಷಿಣಿ ಎಂದರೆ ಕಾಯಂ ಹುಟ್ಟುವಳಿ, ಆಗಾಮಿ ಎಂದರೆ ಮುಂದೆ ಬರಬಹುದಾದದ್ದು. ಸಿದ್ಧ ಎಂದರೆ ಈಗಾಗಲೇ ಸಾಗುವಳಿಯಲ್ಲಿರುವುದು, ಸಾಧ್ಯ ಎಂದರೆ ಇನ್ನು ಸಾಗುವಳಿಗೆ ತರಬಹುದಾದದ್ದು. ಇಂದು ಗಣಿ ಇಲಾಖೆ, ನೀರಾವರಿ ಇಲಾಖೆ, ಕಂದಾಯ ಇಲಾಖೆ ಎಂದು ಹಂಚಿಹೋಗಿರುವ ಹಕ್ಕುಗಳೆಲ್ಲ ಎಂಟು ಪದಗಳಲ್ಲಿ ಕೂತಿದ್ದವು. ಮುಂದೆ ಹುಟ್ಟಬಹುದಾದ ವ್ಯಾಜ್ಯವನ್ನು ಆ ಕಾಲದ ಸೇನಬೋವರು ಎಷ್ಟು ದೂರದವರೆಗೆ ಎಣಿಸಿದ್ದರು ಎಂಬುದಕ್ಕೆ ಆಗಾಮಿ, ಸಾಧ್ಯ ಎಂಬ ಎರಡೇ ಮಾತು ಸಾಕು.

ಅದಾದ ಮೇಲೆ ಎಲ್ಲೆ. ಮೂಡಲಿನಿಂದ ಶುರುವಾಗಿ ಊರನ್ನು ಬಲಕ್ಕೆ ಸುತ್ತಿ ಬರುವ ವಿವರ: ಕೆರೆಯ ಕೋಡಿ, ಹುತ್ತ, ಹುಣಿಸೆ ಮರ, ಹಳ್ಳ ಕೂಡುವ ಜಾಗ, ಬಂಡೆ, ಪಕ್ಕದೂರಿಗೆ ಹೋಗುವ ದಾರಿ. ಗುರುತಿಗೆ ಏನೂ ಇಲ್ಲದ ಕಡೆ ಕಲ್ಲು ನೆಡುತ್ತಿದ್ದರು. ಶಿವಾಲಯದ ಜಮೀನಾದರೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಯಾದರೆ ವಾಮನಮುದ್ರೆಯ ಕಲ್ಲು, ಬಸದಿಯದಾದರೆ ಮುಕ್ಕೊಡೆಯ ಕಲ್ಲು. ಅಕ್ಷರ ಬಾರದ ದನಗಾಹಿ ಹುಡುಗನಿಗೂ ಇದು ಯಾವ ದೇವರ ಹೊಲ ಎಂದು ಗೊತ್ತಾಗಬೇಕು ಎಂಬ ಲೆಕ್ಕ. ಕೊನೆಗೆ ಶಾಪ. ಈ ದಾನಕ್ಕೆ ಅಳುಪಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆ. ಲ್ಯಾಟಿನ್ ಪತ್ರಗಳಲ್ಲೂ ಇದರ ಜೊತೆಗಾರ ಉಂಟು: ದಾನವನ್ನು ಮುರಿದವನು ಬಹಿಷ್ಕೃತನಾಗಿ ಏಸುವಿಗೆ ದ್ರೋಹ ಬಗೆದ ಯೂದನ ಜೊತೆ ನರಕದಲ್ಲಿ ಬೀಳಲಿ ಎಂಬ ಧಾಟಿಯ ಶಾಪ ಯುರೋಪಿನ ಮಠಗಳ ಪತ್ರಗಳಲ್ಲಿ ಹಿಂದಿನಿಂದ ಬಂದದ್ದು. ಪೊಲೀಸರಿಲ್ಲದ ಕಾಲದಲ್ಲಿ ಕರಾರನ್ನು ಕಾಯಲು ನರಕವೇ ಬೇಕಾಗಿತ್ತು.

ಎರಡು ನಾಡುಗಳ ಪತ್ರಗಳು ಬೇರೆಯಾಗುವುದು ಉಳುವವನ ವಿಷಯದಲ್ಲಿ. ಜೆರುಸಲೇಮ್ ರಾಜ್ಯದಲ್ಲಿ ಹಳ್ಳಿ ಕೈಬದಲಾದಾಗ ಅಲ್ಲಿನ ರೈತರೂ ಅದರ ಜೊತೆ ಕೈಬದಲಾಗುತ್ತಿದ್ದರು. ಕೆಲವು ಪತ್ರಗಳು ಸಿರಿಯಾದ ಕ್ರೈಸ್ತ ಮತ್ತು ಮುಸ್ಲಿಂ ರೈತರನ್ನು ಕುಟುಂಬ ಸಮೇತ ದಾನದ ವಸ್ತುಗಳ ಪಟ್ಟಿಯಲ್ಲೇ ಸೇರಿಸುತ್ತವೆ. ಕಾವೇರಿ, ಕಪಿಲೆಯ ತೀರದಲ್ಲಿ ಊರು ಕೊಟ್ಟರೆಂದರೆ ಸಾಮಾನ್ಯವಾಗಿ ಅರಮನೆಗೆ ಸಲ್ಲುತ್ತಿದ್ದ ತೆರಿಗೆ ಇನ್ನು ಮುಂದೆ ದೇವಾಲಯಕ್ಕೆ ಅಥವಾ ಬ್ರಾಹ್ಮಣರಿಗೆ ಸಲ್ಲಬೇಕು ಎಂದರ್ಥ. ಉಳುವವನು ಉಳುತ್ತಲೇ ಇರುತ್ತಿದ್ದ. ಹಾಗೆಂದು ಇಲ್ಲಿ ಅವನ ಬಾಳು ಹಗುರವಾಗಿತ್ತು ಎನ್ನಲಾಗದು. ಖಂಡುಗ, ಕೊಳಗದ ಲೆಕ್ಕದಲ್ಲಿ ಗದ್ದೆ, ಬೆದ್ದಲುಗಳನ್ನು ಬರೆದ ಶಾಸನಗಳು ದಾನಿಯ ಏಳು ತಲೆಮಾರನ್ನು ಹೊಗಳುತ್ತವೆ. ಆ ಗದ್ದೆಯಲ್ಲಿ ನಾಟಿ ಹಾಕಿದವರ ಹೆಸರನ್ನು ಹೇಳುವುದು ತೀರ ಅಪರೂಪ. ಜೆರುಸಲೇಮಿನ ಪತ್ರ ಉಳುವವನನ್ನು ಸೊತ್ತೆಂದು ಬಗೆಯಿತು, ಆದರೂ ಕೆಲವೊಮ್ಮೆ ಹೆಸರನ್ನಾದರೂ ಬರೆದಿಟ್ಟಿತು. ನಮ್ಮ ಕಲ್ಲಿನಲ್ಲಿ ಅವನಿಗೆ ಅಷ್ಟೂ ಜಾಗ ಸಿಗಲಿಲ್ಲ. ಶಾಸನಗಳನ್ನು ಹೆಮ್ಮೆಯಿಂದ ಓದುವಾಗ ಈ ಕೊರತೆಯನ್ನೂ ಹೇಳದಿದ್ದರೆ ಅರ್ಧ ಇತಿಹಾಸವನ್ನು ಬಿಟ್ಟಂತಾಗುತ್ತದೆ.

ಪತ್ರವನ್ನು ಎಲ್ಲಿಡುತ್ತಿದ್ದರು ಎಂಬುದರಲ್ಲಿ ಇನ್ನೊಂದು ವ್ಯತ್ಯಾಸವಿದೆ. ಬಾಲ್ಡ್ವಿನ್‌ನ ಪತ್ರಕ್ಕೆ ದಾರದಿಂದ ಸೀಸದ ಮುದ್ರೆ ತೂಗುತ್ತಿತ್ತು. ಒಂದು ಮುಖದಲ್ಲಿ ಸಿಂಹಾಸನದ ಮೇಲಿನ ದೊರೆ, ಇನ್ನೊಂದರಲ್ಲಿ ಜೆರುಸಲೇಮಿನ ಮೂರು ಕಟ್ಟಡಗಳು: ದಾವೀದನ ಗೋಪುರ, ಪವಿತ್ರ ಸಮಾಧಿಯ ಚರ್ಚು, ಆಗ ಚರ್ಚಾಗಿದ್ದ ಬಂಡೆಯ ಮೇಲಿನ ಗುಮ್ಮಟ. ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ನಮ್ಮ ತಾಮ್ರಪಟವೂ ಪೆಟ್ಟಿಗೆಯ ವಸ್ತುವೇ. ಅಂಗೈಯಗಲದ ತಗಡುಗಳು, ಅಕ್ಷರ ಸವೆಯದಂತೆ ಎತ್ತರಿಸಿದ ಅಂಚು, ಎಡಬದಿಯಲ್ಲಿ ತೂತು, ತೂತಿನಲ್ಲಿ ಬಳೆ, ಬಳೆಯ ಬೆಸುಗೆಯ ಮೇಲೆ ಮುದ್ರೆ. ಗಂಗರದಾದರೆ ಆನೆ. ಬಳೆ ಕತ್ತರಿಸದೆ ತಗಡನ್ನು ಬದಲಾಯಿಸಲಾಗದು ಎಂಬುದೇ ಅದರ ಭದ್ರತೆ. ಊರಿನವರು ಇದನ್ನು ದಿನವೂ ಕಾಣುತ್ತಿರಲಿಲ್ಲ, ಆದ್ದರಿಂದಲೇ ಹೊಸದನ್ನು ಬರೆಸಿ ಹಳೆಯದೆಂದು ತೋರಿಸಲು ಅವಕಾಶವಿತ್ತು. ಕಲ್ಲಿನ ಶಾಸನದ ದಾರಿ ಬೇರೆ. ದೇವಾಲಯದ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಊರ ನಡುವೆ ಆಳೆತ್ತರದ ಕಲ್ಲು ನಿಂತಿರುತ್ತಿತ್ತು. ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರು ಸಹಿತ ಹಸು. ಅದನ್ನು ತಿದ್ದಬೇಕಾದರೆ ಊರೆಲ್ಲ ಮಲಗಿರಬೇಕು.

ಇಂಥ ಕಲ್ಲಿನ ಪತ್ರವನ್ನು ನೋಡಬೇಕೆಂದರೆ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೇ ಹೋಗಬೇಕು. ರಜೆಯ ದಿನಗಳಲ್ಲಿ ಅಲ್ಲಿಗೆ ಬರುವ ಜನ ಮಹಾದ್ವಾರ ದಾಟಿ ನೇರವಾಗಿ ನಕ್ಷತ್ರಾಕಾರದ ಜಗತಿಯತ್ತ ನಡೆಯುತ್ತಾರೆ. ದ್ವಾರದಲ್ಲೇ ನಿಂತಿರುವ ದೊಡ್ಡ ಶಾಸನದ ಮುಂದೆ ನಿಲ್ಲುವವರು ಕಡಿಮೆ. ಹೊಯ್ಸಳ 3ನೇ ನರಸಿಂಹನ ದಂಡನಾಯಕ ಸೋಮನಾಥ ಕಾವೇರಿಯ ಬದಿಯಲ್ಲಿ ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ ಎಂಬ ಅಗ್ರಹಾರ ಕಟ್ಟಿಸಿದ, 1268ರಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರ ಪ್ರತಿಷ್ಠೆ ಮಾಡಿಸಿದ ಎಂಬುದು ಪ್ರವಾಸಿ ಕೈಪಿಡಿಗಳಿಗೂ ಗೊತ್ತು. ಆ ಸಂಗತಿ ನಮಗೆ ಗೊತ್ತಾದದ್ದೇ ಈ ಕಲ್ಲಿನಿಂದ. ಅವನು ಕಟ್ಟಿಸಿದ್ದು ಒಂದು ಗುಡಿಯಲ್ಲ. ಐದು ಲಿಂಗಗಳ ಪಂಚಲಿಂಗೇಶ್ವರ ಗುಡಿಯೂ ಇತ್ತು, ನರಸಿಂಹನ ಗುಡಿಯೂ ಇತ್ತು. ಎಲ್ಲದಕ್ಕೂ ಹಳ್ಳಿಗಳ ಹುಟ್ಟುವಳಿಯನ್ನು ಹಂಚಿಕೊಟ್ಟ. ಪೂಜೆಗೆ, ನೈವೇದ್ಯಕ್ಕೆ, ದೀಪಕ್ಕೆ, ಗುಡಿಯ ಕೆಲಸದವರ ಜೀವನಕ್ಕೆ ಏನೇನು ಸಲ್ಲಬೇಕೆಂದು ಗೊತ್ತುಮಾಡಿದ. ಶಿಲ್ಪಿ ಮಲ್ಲಿತಮ್ಮನ ಉಳಿ ಗೋಡೆಯ ಮೇಲೆ ಮಾಡಿದ ಕೆಲಸವನ್ನು ಎಲ್ಲರೂ ಮೆಚ್ಚುತ್ತಾರೆ. ಆ ಉಳಿಯನ್ನು ಸಾಕಿದ ಆಯವ್ಯಯ ಇರುವುದು ದ್ವಾರದ ಕಲ್ಲಿನಲ್ಲಿ.

ಇಷ್ಟು ಭದ್ರವಾದ ಪತ್ರವಿದ್ದೂ ಸೋಮನಾಥಪುರ ಉಳಿಯಲಿಲ್ಲ. ಗರ್ಭಗುಡಿಯ ಮೂಲ ಕೇಶವ ವಿಗ್ರಹ ಇಲ್ಲವಾಯಿತು, ಪೂಜೆ ನಿಂತಿತು. ಪಂಚಲಿಂಗೇಶ್ವರ ಗುಡಿ ಹಾಳುಬಿದ್ದಿತು. ಅಗ್ರಹಾರ ಚದುರಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಈ ಗುಡಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದು ಪುರಾತತ್ವ ಇಲಾಖೆಯ ಸ್ಮಾರಕವಾಗಿತ್ತು, ಆರತಿ ಬೆಳಗುವ ದೇವಾಲಯವಾಗಿರಲಿಲ್ಲ.

ಆದರೆ ಕಪಿಲೆಯ ದಂಡೆಯ ನಂಜನಗೂಡಿನಲ್ಲಿ ಗಂಟೆಯ ಸದ್ದು ನಿಂತದ್ದಿಲ್ಲ. ಶ್ರೀಕಂಠೇಶ್ವರನ ಗುಡಿಗೆ ಒಬ್ಬ ದಾನಿಯಲ್ಲ. ಒಬ್ಬರ ನಂತರ ಒಬ್ಬರಂತೆ ಅರಸರು, ಕಳಲೆಯ ದಳವಾಯಿಗಳು, ದಿವಾನ್ ಪೂರ್ಣಯ್ಯ, ಮೈಸೂರಿನ ಒಡೆಯರು ಸೇವೆ ಸಲ್ಲಿಸಿದರು. ಏಳು ನೆಲೆಯ ಗೋಪುರ 1845ರದು, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವೀರಮ್ಮಣ್ಣಿಯವರ ಸೇವೆ. ಟಿಪ್ಪು ಸುಲ್ತಾನ್ ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದ, ಪಚ್ಚೆಲಿಂಗ ಕೊಟ್ಟ ಎಂಬುದು ನಂಜನಗೂಡಿನ ಮನೆಮಾತು. ಪಕ್ಕದ ಕಳಲೆಯ ಲಕ್ಷ್ಮೀಕಾಂತ ದೇವಾಲಯದ ಬೆಳ್ಳಿ ಬಟ್ಟಲುಗಳ ಮೇಲೆ ಟಿಪ್ಪುವಿನ ಕೊಡುಗೆ ಎಂಬ ಬರಹವನ್ನು ಮೈಸೂರು ಪುರಾತತ್ವ ಇಲಾಖೆ ತನ್ನ ವರದಿಯಲ್ಲಿ ದಾಖಲಿಸಿದೆ. ಅಂದರೆ ಬಟ್ಟಲೂ ಒಂದು ದಾನಪತ್ರವೇ. ಜಾತ್ರೆಗೆ, ಹರಕೆಗೆ, ಕಪಿಲೆಯ ಸ್ನಾನಕ್ಕೆ ಬರುವ ಜನ ಪ್ರತಿ ತಲೆಮಾರಿನಲ್ಲೂ ಇದ್ದರು. ನಂಜನಗೂಡನ್ನು ಉಳಿಸಿದ್ದು ಮುಖ್ಯವಾಗಿ ಅವರೇ.

ದೊಡ್ಡ ಜಾತ್ರೆಯ ಐದು ರಥಗಳಲ್ಲಿ ಒಂದು ಚಂಡಿಕೇಶ್ವರನದು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯರ ಜೊತೆ ಈ ಭಕ್ತನಿಗೇಕೆ ಸ್ವಂತ ತೇರು ಎಂದು ಕೇಳುವವರಿಗೆ ಚೋಳರ ಕಾಲದ ಶಾಸನಗಳಲ್ಲಿ ಒಂದು ಸುಳಿವು ಇದೆ. ಶಿವಾಲಯದ ಜಮೀನನ್ನು ಕೊಳ್ಳುವ, ಮಾರುವ, ಹಣವನ್ನು ಬಡ್ಡಿಗೆ ಬಿಡುವ ಪತ್ರಗಳು ನಡೆಯುತ್ತಿದ್ದದ್ದು ಚಂಡೇಶ್ವರನ ಹೆಸರಿನಲ್ಲಿ. ಅವನು ಶಿವನ ಪಾರುಪತ್ಯಗಾರ. ಶಿವಾಲಯದಿಂದ ಹೊರಡುವ ಭಕ್ತರು ಅವನ ಮುಂದೆ ಚಿಟಿಕೆ ಹೊಡೆದು ಕೈ ತೋರಿಸಿ, ದೇವರ ಸ್ವತ್ತು ಏನನ್ನೂ ಒಯ್ಯುತ್ತಿಲ್ಲ ಎನ್ನುವ ಪದ್ಧತಿ ಇಂದಿಗೂ ಇದೆ. ಕಾಯಿಲೆ, ಸಾವು, ವಾರಸುದಾರರ ಜಗಳ ಯಾವುದೂ ಇಲ್ಲದ ದೇವರೆಂಬ ಮಾಲೀಕನಿಗೆ ಕೊಟ್ಟ ಭೂಮಿ ಸೂರ್ಯಚಂದ್ರರಿರುವವರೆಗೂ ನಡೆಯಬೇಕು ಎಂಬುದು ದಾನಿಗಳ ಆಸೆ. ಜೆರುಸಲೇಮಿನ ದಾನವೂ ಪಾದ್ರಿಗಳ ಕೈಗೆ ಹೋದರೂ ಹೆಸರು ಪವಿತ್ರ ಸಮಾಧಿಯದೇ ಆಗಿತ್ತು. ಬ್ರಿಟಿಷ್ ಭಾರತದಲ್ಲಿ ದೇವರೇ ಮಾಲೀಕ ಎಂಬ ಈ ನಂಬಿಕೆಯನ್ನು ಕಾನೂನು ಒಪ್ಪಿಕೊಂಡಿತು. 1925ರಲ್ಲಿ ಪ್ರಮಥನಾಥ ಮಲ್ಲಿಕ್ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ದೇವರ ವಿಗ್ರಹ ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ ಎಂದು ಹೇಳಿತು.

ಆದರೆ ಸೂರ್ಯಚಂದ್ರರಿದ್ದಂತೆಯೇ ದಾನಗಳು ಮುಗಿದವು. ಜೆರುಸಲೇಮಿನಲ್ಲಿ ಅದು ಕತ್ತಿಯಿಂದ ಆಯಿತು. 1187ರಲ್ಲಿ ಸಲಾದಿನ್ ನಗರವನ್ನು ಹಿಡಿದ, 1291ರಲ್ಲಿ ಕ್ರೈಸ್ತರ ಕೈಯಲ್ಲಿ ಉಳಿದಿದ್ದ ಆಕ್ರೆ ನಗರವೂ ಬಿತ್ತು. 21 ಹಳ್ಳಿಗಳು ಕೈಬಿಟ್ಟವು, ಪತ್ರಗಳು ಹಡಗು ಹತ್ತಿದವು. ಸಂತ ಯೋಹಾನನ ಆಸ್ಪತ್ರೆಯ ಯೋಧ ಸನ್ಯಾಸಿಗಳು ತಮ್ಮ ಕಡತಗಳನ್ನು ಸೈಪ್ರಸ್ಸಿಗೆ, ರೋಡ್ಸ್ ದ್ವೀಪಕ್ಕೆ, 1530ರ ನಂತರ ಮಾಲ್ಟಾಕ್ಕೆ ಸಾಗಿಸಿದರು. ಅವು ಈಗ ವಾಲೆಟ್ಟಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಪವಿತ್ರ ಸಮಾಧಿಯ ಚರ್ಚಿನ ಪತ್ರಗಳ ನಕಲು ಪುಸ್ತಕ ವ್ಯಾಟಿಕನ್ನಿನಲ್ಲಿದೆ. ಅಲ್ಲಿ ನೆಲ ಹೋಯಿತು, ಪತ್ರ ಪರದೇಶದಲ್ಲಿ ಉಳಿಯಿತು.

ಇಲ್ಲಿ ಅದು ಕಾನೂನಿನಿಂದ, ಹಂತ ಹಂತವಾಗಿ ಆಯಿತು. ಟಿಪ್ಪುವಿನ ಕಾಲದಲ್ಲಿ ಅನೇಕ ಇನಾಮುಗಳು ಸರ್ಕಾರಕ್ಕೆ ಸೇರಿದವು. 1799ರ ನಂತರ ಪೂರ್ಣಯ್ಯ ಕೆಲವನ್ನು ಹಿಂದಿರುಗಿಸಿದರು. 1866ರಲ್ಲಿ ಮೈಸೂರಿನಲ್ಲಿ ಇನಾಂ ಕಮಿಷನ್ ಬಂತು. ಅರ್ಚಕರು, ಮಠದವರು, ಜೋಡಿದಾರರು ತಾಮ್ರಪಟ, ನಿರೂಪ, ಸನ್ನದುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಧಿಕಾರಿಗಳ ಮುಂದೆ ನಿಂತರು. ತಲಕಾಡಿನ ಬಸದಿಯವರು ಸಾವಿರ ವರ್ಷ ಹಿಂದೆ ಹೆದರಿದ್ದ ಪ್ರಶ್ನೆಯನ್ನೇ ಅವರೂ ಎದುರಿಸಬೇಕಾಯಿತು. ಕೊನೆಗೆ 1955ರ ಮೈಸೂರು ಧಾರ್ಮಿಕ ಮತ್ತು ದತ್ತಿ ಇನಾಂ ರದ್ದಿಯಾತಿ ಕಾಯ್ದೆಯಡಿ ದೇವರ ಇನಾಮು ಊರುಗಳು ಸರ್ಕಾರಕ್ಕೆ ಸೇರಿದವು. ದೇವಾಲಯಕ್ಕೆ ವರ್ಷಕ್ಕಿಷ್ಟು ಎಂದು ತಸ್ತೀಕು ಗೊತ್ತಾಯಿತು, ಗೇಣಿದಾರನಿಗೆ ಉಳುವ ನೆಲದ ಮೇಲೆ ಹಕ್ಕು ಪಡೆಯುವ ದಾರಿ ತೆರೆಯಿತು. ಎಂಟುನೂರು ವರ್ಷ ಕಲ್ಲಿನ ಮೇಲೆ ಹೆಸರಿಲ್ಲದಿದ್ದವನ ಹೆಸರು ಪಹಣಿಗೆ ಬಂತು. ತಸ್ತೀಕಿನ ಸಣ್ಣ ಮೊತ್ತದಲ್ಲಿ ದೀಪದ ಎಣ್ಣೆಗೂ ಪರದಾಡುವ ಹಳ್ಳಿಯ ಗುಡಿಗಳ ಅರ್ಚಕರ ಕಷ್ಟ ನಿಜವಾದದ್ದು. ಅದನ್ನು ಒಪ್ಪಿಕೊಂಡೂ, ಉಳುವವನಿಗೆ ನ್ಯಾಯ ಬಂದದ್ದು ತಡವಾಗಿಯೇ ಎಂದು ಹೇಳಬೇಕು. ಇಲ್ಲಿ ಹಕ್ಕು ಹೋಯಿತು, ಪತ್ರ ಮಾತ್ರ ನೆಟ್ಟ ಜಾಗದಲ್ಲೇ ಉಳಿಯಿತು.

ಹಕ್ಕು ಕೊಡದ ಪತ್ರಕ್ಕೆ ಬೇರೆ ಬೆಲೆ ಇದೆ ಎಂದು ಕಂಡುಕೊಂಡವರು 19ನೇ ಶತಮಾನದ ವಿದ್ವಾಂಸರು. ರೈನ್‌ಹೋಲ್ಡ್ ರೋರಿಷ್ಟ್ ಜೆರುಸಲೇಮ್ ರಾಜ್ಯದ ಪತ್ರಗಳನ್ನೆಲ್ಲ ಕಾಲಾನುಕ್ರಮದಲ್ಲಿ ಸಂಗ್ರಹಿಸಿದ ಗ್ರಂಥ ಹೊರಬಂದದ್ದು 1893ರಲ್ಲಿ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ 3ನೇ ಸಂಪುಟವನ್ನು ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಪ್ರಕಟಿಸಿದ್ದು 1894ರಲ್ಲಿ. ಯುರೋಪಿನ ವಿದ್ವಾಂಸ ಗ್ರಂಥಭಂಡಾರಗಳಲ್ಲಿ ಕೂತು ಮಾಡಿದ ಕೆಲಸವನ್ನು ರೈಸ್ ಮತ್ತು ಅವರ ಪಂಡಿತರು ಊರೂರು ಅಲೆದು ಮಾಡಬೇಕಾಯಿತು. ಕಲ್ಲಿನ ಪಾಚಿ ಉಜ್ಜಿ, ನೀರು ಸುರಿದು, ಒದ್ದೆ ಕಾಗದ ಹೊದಿಸಬೇಕು. ಗಟ್ಟಿ ಬ್ರಷ್ಷಿನಿಂದ ಬಡಿದು ಕಾಗದ ಅಕ್ಷರದ ಕುಳಿಗಳಿಗೆ ಇಳಿಯುವಂತೆ ಮಾಡಬೇಕು. ಅದು ಅರೆಬರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ತಟ್ಟಬೇಕು. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಏಳುತ್ತವೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ, ಮತ್ತೆ ಮೊದಲಿನಿಂದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಈ ತಾಲ್ಲೂಕುಗಳ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಹೊರತಂದಿತು. ಈ ಶ್ರಮದ ಫಲವಾಗಿಯೇ ಕಾಳಿಯೂರಿನ ಕಲ್ಲಿನಿಂದ ಚೋಳ ದಂಡನಾಯಕ ಅಪ್ರಮೇಯ 1006ರ ಸುಮಾರಿಗೆ ಹೊಯ್ಸಳರ ಮೇಲೆ ನಡೆಸಿದ ಕಾಳಗ ಗೊತ್ತಾಯಿತು. ಶ್ರೀವಿಜಯ ಬಸದಿಯಂತೂ ಉಳಿದಿರುವುದೇ ತಗಡಿನ ಸಾಲುಗಳಲ್ಲಿ. ತಲಕಾಡಿಗೆ ಹೋದವರು ಮರಳಿನ ನಡುವೆ ಪಂಚಲಿಂಗಗಳನ್ನೂ ಕೀರ್ತಿನಾರಾಯಣನನ್ನೂ ನೋಡಿ ಬರುತ್ತಾರೆ, ಆ ಬಸದಿಯನ್ನಲ್ಲ.

ಸಂಪುಟಕ್ಕೆ ಸೇರಿದ ಶಾಸನಕ್ಕೂ ಮೂಲ ಕಲ್ಲು ಬೇಕು. ಓದು ತಪ್ಪಿದ್ದರೆ ತಿದ್ದಲು ಅದೊಂದೇ ಆಧಾರ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಯಾವ ಊರಿನಲ್ಲಾದರೂ ಹೊಲದ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ, ಗುಡಿಯ ಹಿಂದೆ ಅಕ್ಷರವೋ ಲಿಂಗಮುದ್ರೆಯೋ ಮುಕ್ಕೊಡೆಯೋ ಇರುವ ಕಲ್ಲು ಕಂಡರೆ ಅದನ್ನು ಕೀಳಬೇಡಿ. ಬಟ್ಟೆ ಒಗೆಯುವ ಚಪ್ಪಡಿ ಮಾಡಬೇಡಿ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿಯಬೇಡಿ. ಎಲ್ಲೆಕಲ್ಲು ನೆಟ್ಟ ಜಾಗದಿಂದ ಕದಲಿದರೆ ಅದು ಹೇಳುವ ಅರ್ಧ ಮಾತು ಅಲ್ಲಿಗೇ ಹೋಯಿತು. ಫೋಟೊ ತೆಗೆದು, ಊರಿನ ಹೆಸರು ಮತ್ತು ಜಾಗದ ಗುರುತು ಬರೆದು, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೋ ವಿಶ್ವವಿದ್ಯಾನಿಲಯದ ಶಾಸನ ತಜ್ಞರಿಗೋ ತಿಳಿಸಿ. ನಿಮ್ಮೂರ ಶಾಲೆಯ ಮೇಷ್ಟ್ರಿಗೆ ಹೇಳಿ ಮಕ್ಕಳನ್ನು ಒಮ್ಮೆ ಅದರ ಮುಂದೆ ನಿಲ್ಲಿಸಿ, ಅದರ ಪಾಠ ಸಂಪುಟದಲ್ಲಿದ್ದರೆ ಗಟ್ಟಿಯಾಗಿ ಓದಿಸಿ.